ಏಳನೇ ಸಹಿ

ಬಿಜ್ಜರಗಿ
8 ಮೇ 2023

ಜೋರಾಪುರ ಪೇಟೆಯ ವಕೀಲರಾದ ಮಧ್ವೇಶ ಗಲಗಲಿಯವರಿಗೆ ಬಿಜ್ಜರಗಿಯ ನೀಲಾಬಾಯಿಯ ಶರಣು ಶರಣಾರ್ಥಿ.

ನಿಮ್ಮ ವಿಳಾಸ ನನ್ನ ತವರುಮನೆಯ ಒಂದು ಹಳೆಯ ಪುಸ್ತಕದಲ್ಲಿ ಸಿಕ್ಕಿತು. ನೀವು ಇನ್ನೂ ಅದೇ ಮನೆಯಲ್ಲಿ ಇದ್ದೀರೋ ಇಲ್ಲವೋ ತಿಳಿಯದು. ಇದ್ದರೆ ಉತ್ತರ ಬರೆಯಿರಿ, ಇಲ್ಲದಿದ್ದರೆ ಪೋಸ್ಟಿನವರು ವಾಪಸ್ ತಂದುಕೊಡಲಿ.

ನಾನು ಜಂಪರು ಹೊಲಿಯುವವಳು. ಅಕ್ಷರ ಬರುತ್ತದೆ, ಆದರೆ ಸೂಜಿ ಓಡಿದಂತೆ ಪೆನ್ನು ಓಡುವುದಿಲ್ಲ. ಆದ್ದರಿಂದ ಈ ಪತ್ರವನ್ನು ನನ್ನ ಗೆಳತಿ ಆನಂದೀಬಾಯಿ ಬರೆಯುತ್ತಿದ್ದಾಳೆ. ಇಲ್ಲಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಿಯಾದವಳು. ಮಾತು ನನ್ನವು, ಕಾಗುಣಿತ ಅವಳದು.

ವಿಷಯ ಇಷ್ಟೇ. ನಮ್ಮೂರಲ್ಲಿ ಈ ವರ್ಷ ಹನ್ನೊಂದು ಹುಡುಗಿಯರು ಹತ್ತನೆಯ ತರಗತಿ ಪಾಸಾಗಿದ್ದಾರೆ. ಕಾಲೇಜು ತಿಕೋಟಾದಲ್ಲಿ. ಮುಂಜಾನೆಯ ಬಸ್ಸು ನಮ್ಮೂರಿಗೆ ಬರುವಾಗಲೇ ಬಾಗಿಲಲ್ಲಿ ಮಂದಿ ಜೋತುಬಿದ್ದಿರುತ್ತಾರೆ. ಸಂಜೆಯ ಬಸ್ಸು ದೀಪ ಹಚ್ಚಿದ ಮೇಲೆ. "ಅಷ್ಟ್ ಹೊತ್ತಿಗೆ ಹುಡುಗಿ ಮನಿಗಿ ಬರೋದಾದ್ರ ಸಾಲೀನ ಬ್ಯಾಡ" ಎಂದು ಹಿರಿಯರು ಕುಂತಿದ್ದಾರೆ. ನಾನೂ ಹಾಗೇ ಹೇಳಿ ನನ್ನ ಮಗಳನ್ನು ಬಿಡಿಸಿದವಳು. ಆಕೆ ಈಗಲೂ ಹಬ್ಬಕ್ಕೆ ಬಂದಾಗ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಅದು ನನಗೆ ಹತ್ತಿದ ಮುಳ್ಳು.

ದ್ರಾಕ್ಷಿ ತೋಟದ ಸಂಗನಬಸವ ಅವರು ತಮ್ಮ ಹಳೆಯ ವ್ಯಾನು ಕೊಡುತ್ತೇನೆ ಅನ್ನುತ್ತಾರೆ. ಆದರೆ ಯಾರದೋ ಒಬ್ಬರ ಹೆಸರಿಗೆ ಕೊಡುವುದಿಲ್ಲವಂತೆ, ನೋಂದಣಿಯಾದ ಸಂಘಕ್ಕೇ ಕೊಡುತ್ತಾರಂತೆ. ಸಂಘ ಅಂದರೆ ಹೇಗೆ ಕಟ್ಟಬೇಕು? ಬಿಡಿಸಿ ಹೇಳಿರಿ.

ಇಂತಿ,
ನೀಲಾಬಾಯಿ


ಜೋರಾಪುರ ಪೇಟೆ, ವಿಜಯಪುರ
15 ಮೇ 2023

ಶ್ರೀಮತಿ ನೀಲಾಬಾಯಿಯವರಿಗೆ ನಮಸ್ಕಾರ.

ಅದೇ ಮನೆ, ಅದೇ ಕುರ್ಚಿ. ಕೋರ್ಟಿಗೆ ಹೋಗುವುದು ಬಿಟ್ಟಿದ್ದೇನೆ, ಸಲಹೆ ಕೊಡುವುದನ್ನಲ್ಲ. ಫೋನ್ ಮಾತ್ರ ಮಾಡಬೇಡಿ. ಕಿವಿಗೆ ಹಾಕಿದ ಯಂತ್ರದ ಹತ್ತಿರ ಫೋನ್ ಹಿಡಿದರೆ ಅದು ಕುಕ್ಕರಿನಂತೆ ಸೀಟಿ ಹೊಡೆಯುತ್ತದೆ. ವಾಟ್ಸಾಪೂ ಬೇಡ, ಅದು ನನ್ನ ಸೊಸೆ ಪೂರ್ವಾಳ ಇಲಾಖೆ. ಮೇಲಾಗಿ ಕಾನೂನಿನ ವಿಷಯ ಕಾಗದದ ಮೇಲಿರುವುದೇ ಒಳ್ಳೆಯದು.

ನಿಮಗೆ ಎರಡು ದಾರಿ ಇವೆ. ಟ್ರಸ್ಟ್ ಮಾಡಬಹುದು, ಸಂಘ ಮಾಡಬಹುದು. ಟ್ರಸ್ಟ್ ಅಂದರೆ ಮೂರು ನಾಲ್ಕು ಜನರ ಕೈಗೆ ಬೀಗದ ಕೈ ಕೊಟ್ಟಂತೆ, ಉಳಿದವರು ಬಾಗಿಲ ಹೊರಗೆ. ಸಂಘದಲ್ಲಿ ಸದಸ್ಯರೆಲ್ಲರೂ ಪ್ರಶ್ನೆ ಕೇಳಬಹುದು, ಪದಾಧಿಕಾರಿಗಳನ್ನು ಇಳಿಸಬಹುದು. ಊರ ಕೆಲಸಕ್ಕೆ ಸಂಘವೇ ಸರಿ.

ಏಳು ಜನ ಬೇಕು. ಆರಾದರೆ ಸಂಘವೇ ಇಲ್ಲ, ಇದನ್ನು ತಲೆಯಲ್ಲಿ ಬರೆದುಕೊಳ್ಳಿ. ಒಂದೇ ಮನೆಯ ಇಬ್ಬರು ಬೇಡ. ಸಂಘದ ಉದ್ದೇಶ, ನಿಯಮಾವಳಿ, ಏಳು ಜನರ ಗುರುತಿನ ಚೀಟಿ, ಕಚೇರಿ ಯಾರ ಮನೆಯಲ್ಲೋ ಅವರ ಒಪ್ಪಿಗೆ ಪತ್ರ, ಇಷ್ಟು ಕಳಿಸಿ. ನಿಯಮಾವಳಿಯ ಕರಡು ಇದರ ಜೊತೆಗಿದೆ. ಓದದೆ ಸಹಿ ಮಾಡಬೇಡಿ.

ಸಭೆಯ ನಿರ್ಣಯಗಳನ್ನು ಬರೆದಿಡಲು ಒಂದು ಠರಾವು ಪುಸ್ತಕ ತನ್ನಿ. ಪ್ರತಿ ಹಾಳೆಗೂ ಮೊದಲೇ ಶಾಯಿಯಲ್ಲಿ ಅಂಕಿ ಹಾಕಿ. ಹಾಳೆ ಹರಿಯುವಂತಿಲ್ಲ, ನಡುವೆ ಸೇರಿಸುವಂತಿಲ್ಲ. ಸಂಘದ ಪ್ರಾಣ ಇರುವುದು ಆ ಪುಸ್ತಕದಲ್ಲಿ.

ಮಧ್ವೇಶ ಗಲಗಲಿ


ಬಿಜ್ಜರಗಿ
19 ಜೂನ್ 2023

ವಕೀಲರಿಗೆ ಶರಣು.

ನಿನ್ನೆ ಅಮಾವಾಸ್ಯೆ. ಅಂದು ಯಾರೂ ಎತ್ತು ಹೂಡುವುದಿಲ್ಲ, ಹೆಣ್ಣುಮಕ್ಕಳು ಕೂಲಿಗೆ ಹೋಗುವುದಿಲ್ಲ. ಆದ್ದರಿಂದ ನಮ್ಮ ಸಭೆಗಳೆಲ್ಲ ಅಮಾವಾಸ್ಯೆಗೇ ಎಂದು ಗೊತ್ತುಮಾಡಿದೆವು. ಏಳು ಜನ ಆದೆವು. ನಾನು ಅಧ್ಯಕ್ಷೆ, ಆನಂದಿ ಖಜಾಂಚಿ, ವಿಜಯಲಕ್ಷ್ಮೀ ಕಾರ್ಯದರ್ಶಿ. ಅವಳದು ಪಕ್ಕಾ ಮನೆ, ಕಪಾಟಿಗೆ ಬೀಗವಿದೆ, ಹಾಗಾಗಿ ಪುಸ್ತಕ ಅಲ್ಲೇ ಇರುತ್ತದೆ. ಚಾಂದಬಿ ಮತ್ತು ನಮ್ಮ ಓಣಿಯ ಮೂವರು ಸದಸ್ಯರು.

ಹೆಸರಿಗಾಗಿ ದೊಡ್ಡ ಜಗಳವೇ ಆಯಿತು. ದೇವರ ಹೆಸರಿಡೋಣ ಎಂದರೆ ಯಾವ ದೇವರು ಎಂಬಲ್ಲಿಗೆ ಬಂತು. ಕೊನೆಗೆ ಚಾಂದಬಿ, "ಗಾಡಿ ಓಡ್ಸಾಕ ಸಂಘ ಮಾಡಾಕತ್ತೀವಿ, ಗುಡಿ ಕಟ್ಟಾಕಲ್ಲ" ಎಂದಳು. ಬಿಜ್ಜರಗಿ ಹೆಣ್ಣುಮಕ್ಕಳ ಶಿಕ್ಷಣ ಸಹಾಯ ಸಂಘ ಎಂದು ಇಟ್ಟೆವು. ಊರವರು ಈಗಾಗಲೇ ಗಾಡಿ ಸಂಘ ಅನ್ನುತ್ತಿದ್ದಾರೆ.

ಪುಸ್ತಕಕ್ಕೆ ಅಂಕಿ ಹಾಕಿದೆವು. ಅದರ ಕೆಲಸವನ್ನೆಲ್ಲ ಒಂದೇ ದಿನಕ್ಕೆ ಮುಗಿಸಿಬಿಟ್ಟೆವು, ಮುಂದೆ ತ್ರಾಸಿಲ್ಲ. ಕಾಗದಪತ್ರ ಇದರೊಂದಿಗಿವೆ.

ನೀಲಾಬಾಯಿ


ಜೋರಾಪುರ ಪೇಟೆ
7 ಆಗಸ್ಟ್ 2023

ಶ್ರೀಮತಿ ನೀಲಾಬಾಯಿಯವರಿಗೆ,

ನೋಂದಣಿ ಆಗಿದೆ. ಪ್ರಮಾಣಪತ್ರ ರಿಜಿಸ್ಟರ್ ಅಂಚೆಯಲ್ಲಿ ಬರುತ್ತದೆ. ಅದಕ್ಕೆ ಕುಂಕುಮ ಹಚ್ಚಬೇಡಿ, ಜೆರಾಕ್ಸ್ ಪ್ರತಿಗೆ ಬೇಕಾದರೆ ಹಚ್ಚಿ.

ಸಂಘ ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆಯಬೇಕು, ನಮ್ಮ ನಿಯಮಾವಳಿಯಂತೆ ಇಪ್ಪತ್ತೊಂದು ದಿನ ಮೊದಲೇ ನೋಟಿಸು ಕೊಟ್ಟು. ಸಭೆಯಾದ ಹದಿನಾಲ್ಕು ದಿನದೊಳಗೆ ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರರಿಗೆ ಹೋಗಬೇಕು. ಈ ಜಿಲ್ಲೆಯಲ್ಲಿ ನೂರು ಸಂಘಗಳು ಹುಟ್ಟಿದರೆ ತೊಂಬತ್ತು ಈ ಎರಡು ಕೆಲಸ ಮಾಡದೆ ಸಾಯುತ್ತವೆ ಎಂಬುದು ನನ್ನ ಅಂದಾಜು. ಪುಸ್ತಕದ ಕೆಲಸವನ್ನು ನೀವು ಮುತುವರ್ಜಿಯಿಂದ ಮಾಡಿರುವುದು ನೋಡಿ ಸಂತೋಷವಾಯಿತು. ಇಂಥ ಕಕ್ಷಿದಾರರು ನನಗೆ ಹಿಂದೆ ಸಿಗಲಿಲ್ಲ.

ಮಧ್ವೇಶ ಗಲಗಲಿ


ಬಿಜ್ಜರಗಿ
14 ಜನವರಿ 2024

ವಕೀಲರಿಗೆ ಶರಣು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ ಉಂಡು, ಅಲ್ಲೇ ಬದುವಿನ ಮೇಲೆ ಸಭೆ ಮಾಡಿದೆವು. ಸಂಗನಬಸವ ಅವರ ವ್ಯಾನಿನ ಕಾಗದಗಳು ಮಾರ್ಚಿಗೆ ತಯಾರಾಗುತ್ತವಂತೆ. ಈ ವರ್ಷವಿಡೀ ಹುಡುಗಿಯರು ಬಸ್ಸಿನಲ್ಲೇ ಜೋತು ಹೋದರು. ಹನ್ನೊಂದರಲ್ಲಿ ನಾಲ್ವರು ಬಿಟ್ಟರು. ಉಳಿದ ಏಳು ಮಂದಿಯನ್ನು ಗಾಡಿ ಬರುವವರೆಗೆ ಹಿಡಿದು ಇಟ್ಟುಕೊಳ್ಳುವುದೇ ನನ್ನ ಕೆಲಸವಾಗಿದೆ. ಒಬ್ಬೊಬ್ಬರ ಮನೆಗೆ ಹೋಗಿ ಅವರಪ್ಪಂದಿರ ಕೂಡ ಬಾಯಿಗೆ ಬಾಯಿ ಕೊಡುತ್ತೇನೆ.

ನೀಲಾಬಾಯಿ

ಬರೆದವಳ ಎರಡು ಮಾತು: ವಕೀಲರೇ, ನೀಲವ್ವ ಹೇಳಿದ್ದನ್ನು ನಾನು ಸೋಸಿ ಬರೆಯುತ್ತೇನೆ. ಆ ಅಪ್ಪಂದಿರನ್ನು ಅವಳು ಏನೇನು ಅಂದಳೋ ಅದನ್ನು ಬರೆದರೆ ಅಂಚೆ ಇಲಾಖೆಯವರು ನನ್ನ ಮೇಲೆ ಕೇಸು ಹಾಕುತ್ತಾರೆ. ನಿಮ್ಮ ಕಿವಿ ಮಂದವಾದದ್ದು ನಿಮ್ಮ ಪುಣ್ಯ. ಆನಂದೀಬಾಯಿ.


ಬಿಜ್ಜರಗಿ
18 ಮಾರ್ಚ್ 2024

ವಕೀಲರಿಗೆ ಶರಣು.

ಗಾಡಿ ಬಂತು. ಸಂಘದ ಹೆಸರಿಗೆ ಆಗಿದೆ. ಮಾಳು ಎಂಬವನು ಡ್ರೈವರು. ಕಾಲೇಜು ಬಾಗಿಲ ತನಕ ಹೋಗಿ ಬರುತ್ತದೆ. ಏಳೂ ಹುಡುಗಿಯರು ಪರೀಕ್ಷೆ ಬರೆಯುತ್ತಿದ್ದಾರೆ.

ಮತ್ತೇನಿಲ್ಲ.

ನೀಲಾಬಾಯಿ


ಜೋರಾಪುರ ಪೇಟೆ
27 ಮಾರ್ಚ್ 2024

ಶ್ರೀಮತಿ ನೀಲಾಬಾಯಿಯವರಿಗೆ,

ಇಷ್ಟು ದೊಡ್ಡ ಸುದ್ದಿಗೆ ಇಷ್ಟು ಸಣ್ಣ ಪತ್ರವೇ? ಅಕ್ಷರವೂ ಬೇರೆ. ಆನಂದೀಬಾಯಿಯವರಿಗೆ ಕೈ ನೋವೇ? ಅವರ ಎರಡು ಮಾತು ಓದಿ ನಾನು ಬಹಳ ದಿನದ ಮೇಲೆ ನಕ್ಕೆ. ಪೂರ್ವಾ ಹೆದರಿ ಓಡಿಬಂದಳು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಗಾಡಿ ಸ್ವೀಕರಿಸಿದ ಠರಾವಿನ ಜೆರಾಕ್ಸ್ ಕಳಿಸಿ, ನನ್ನ ಕಡತದಲ್ಲಿರಲಿ.

ಮಧ್ವೇಶ ಗಲಗಲಿ


ಬಿಜ್ಜರಗಿ
12 ಏಪ್ರಿಲ್ 2024

ವಕೀಲರಿಗೆ ಶರಣು.

ಆನಂದಿ ಮಗಳ ಮನೆಗೆ ಹೋಗಿದ್ದಾಳೆ. ಬರುವುದು ತಡವಾಗುತ್ತದೆ. ನಮಸ್ಕಾರ ತಿಳಿಸುತ್ತೇನೆ.

ಹದಿನೈದನೆಯ ಹಾಳೆಯ ಜೆರಾಕ್ಸ್ ಇದೆ, ಮಾರ್ಚ್ ಹತ್ತರ ಸಭೆಯದು. ಏಳೂ ಜನರ ಸಹಿ ಇದೆ.

ನೀಲಾಬಾಯಿ


ಬಿಜ್ಜರಗಿ
12 ಜುಲೈ 2024

ವಕೀಲರಿಗೆ ಶರಣು.

ಗಾಡಿ ಹೋಯಿತು.

ವಿಜಯಲಕ್ಷ್ಮೀಯ ಗಂಡ ಅರುಣಕುಮಾರ ಕೂಲಿಯವರನ್ನು ತೋಟಗಳಿಗೆ ಒಯ್ಯುವ ಗುತ್ತಿಗೆ ಹಿಡಿದಿದ್ದಾನೆ. ಜುಲೈ ಒಂದನೆಯ ತಾರೀಖು ಮಾಳುವಿನ ಕೈಯಿಂದ ಕೀಲಿ ಕಸಿದುಕೊಂಡು ಗಾಡಿಯನ್ನು ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡ. ನಾನು ಹೋಗಿ ಕೇಳಿದೆ. "ಯಾಕ್ ಒದರ್ತಿ ಬೇ? ನೀವ ಸಹಿ ಮಾಡಿ ಕೊಟ್ಟೀರಲ್ಲ" ಎಂದು ಪುಸ್ತಕ ತೆಗೆದು ತೋರಿಸಿದ. ಹದಿನಾರನೆಯ ಹಾಳೆ. ಮೇ ಎಂಟರ ಅಮಾವಾಸ್ಯೆಯ ಸಭೆಯಲ್ಲಿ, ಗಾಡಿಯನ್ನು ಹತ್ತು ವರ್ಷ ನಿರ್ವಹಣೆಗಾಗಿ ಅವನ ಸ್ವಾಧೀನಕ್ಕೆ ಕೊಡಬೇಕೆಂದು ಠರಾವು. ಕೊನೆಗೆ "ಎಲ್ಲರೂ ಒಪ್ಪಿದರು" ಎಂದಿದೆ. ಕೆಳಗೆ ನಮ್ಮ ಏಳೂ ಜನರ ಸಹಿ.

ಹೊಸದಾಗಿ ಸೇರಿದವರನ್ನೂ ಕೂಡಿಸಿ ಹದಿಮೂರು ಹುಡುಗಿಯರು. ಹನ್ನೆರಡು ದಿನದಿಂದ ಮನೆಯಲ್ಲಿದ್ದಾರೆ. ಇಬ್ಬರಿಗೆ ಗಂಡು ನೋಡಲು ಆಗಲೇ ಶುರುವಾಗಿದೆ. ಅವನ ಮಗಳು ಐಶ್ವರ್ಯ ಒಬ್ಬಳೇ ಅವನ ಬೈಕಿನ ಮೇಲೆ ಕಾಲೇಜಿಗೆ ಹೋಗುತ್ತಾಳೆ.

ಜೆರಾಕ್ಸ್ ಮಾಡಲು ಸಹ ಅವನು ಒಪ್ಪಲಿಲ್ಲ. ವಿಜಯಲಕ್ಷ್ಮೀ ಮೊಬೈಲಿನಲ್ಲಿ ಹಾಳೆಯ ಫೋಟೋ ತೆಗೆದು ಯಾರಿಗೂ ಹೇಳದೆ ನನಗೆ ಕೊಟ್ಟಳು. ಅದರ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಕಾನೂನಿನಲ್ಲಿ ಏನು ದಾರಿ ಇದೆ ಹೇಳಿರಿ.

ನೀಲಾಬಾಯಿ


ಜೋರಾಪುರ ಪೇಟೆ
17 ಜುಲೈ 2024

ಶ್ರೀಮತಿ ನೀಲಾಬಾಯಿಯವರಿಗೆ,

ಹಾಳೆ ನೋಡಿದೆ. ಸಹಿ ನಿಮ್ಮದೇ ಅಲ್ಲವೇ? ನಿಮ್ಮದಾದರೆ ಠರಾವೂ ನಿಮ್ಮದೇ. ನಾನು ಓದಿರಲಿಲ್ಲ ಎಂದರೆ ಯಾವ ಕೋರ್ಟೂ ಕೇಳುವುದಿಲ್ಲ. ಓದದೆ ಸಹಿ ಮಾಡಬೇಡಿ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ನಿಮ್ಮ ಖಜಾಂಚಿ ಆನಂದೀಬಾಯಿಯವರು ಕೂಡ ಇದಕ್ಕೆ ಸಹಿ ಹಾಕಿದ್ದಾರೆಂಬುದು ನನಗೆ ಸೋಜಿಗ. ಶಾಲೆಯಲ್ಲಿ ಕಲಿಸಿದವರು, ಓದದೆ ಸಹಿ ಮಾಡುವ ಹೆಣ್ಣುಮಗಳಲ್ಲ. ಅವರನ್ನು ಕೇಳಿದಿರಾ? ಅವರೇನು ಅನ್ನುತ್ತಾರೆ?

ಇನ್ನೊಂದು ಮಾತು. ಈ ಹಾಳೆಯಲ್ಲಿ ಬರಹ ಮೇಲೆ ಅಗಲವಾಗಿ ಶುರುವಾಗಿ, ಸಹಿಗಳ ಹತ್ತಿರ ಬರುವಾಗ ಇರುವೆ ಸಾಲಿನಂತೆ ಸಣ್ಣದಾಗಿದೆ. ಜಾಗ ಸಾಲದೆ ಒತ್ತಿ ಬರೆದಂತಿದೆ. ನೀವು ಏಪ್ರಿಲಿನಲ್ಲಿ ಕಳಿಸಿದ ಹದಿನೈದನೆಯ ಹಾಳೆಯನ್ನೂ ತೆಗೆದು ನೋಡಿದೆ. ಅಲ್ಲಿಯೂ ಹಾಗೆಯೇ. ಬರೆದ ಮೇಲೆ ಸಹಿ ಮಾಡಿದರೆ ಹೀಗಾಗುವುದಿಲ್ಲ. ಸಹಿ ಮಾಡಿದ ಮೇಲೆ ಬರೆದರೆ ಆಗುತ್ತದೆ. ನನ್ನಿಂದ ಏನನ್ನು ಮುಚ್ಚಿಟ್ಟಿದ್ದೀರಿ?

ಮಧ್ವೇಶ ಗಲಗಲಿ


ಬಿಜ್ಜರಗಿ
21 ಜುಲೈ 2024

ವಕೀಲರಿಗೆ,

ಆನಂದಿಯನ್ನು ಕೇಳಿ ಅಂದಿರಿ. ಎಲ್ಲಿಂದ ಕೇಳಲಿ? ಆಕೆ ಸತ್ತು ಐದು ತಿಂಗಳಾಯಿತು. ಫೆಬ್ರವರಿ ಇಪ್ಪತ್ತರ ಮುಂಜಾನೆ ಎದೆ ನೋವು ಎಂದಳು, ತಿಕೋಟಾ ಮುಟ್ಟುವುದರೊಳಗೆ ನನ್ನ ತೊಡೆಯ ಮೇಲೇ ಹೋದಳು. ಮಗಳ ಮನೆಗೆ ಹೋಗಿದ್ದಾಳೆ ಎಂದು ನಿಮಗೆ ಸುಳ್ಳು ಬರೆದೆ.

ಯಾಕೆ ಬರೆದೆ ಅಂದರೆ, ನೀವೇ ಹೇಳಿದ್ದಿರಿ, ಆರಾದರೆ ಸಂಘವೇ ಇಲ್ಲ ಎಂದು. ಮಣ್ಣು ಕೊಟ್ಟು ಬಂದ ದಿನವೇ ವಿಜಯಲಕ್ಷ್ಮೀ ಕೇಳಿದಳು, "ಅಕ್ಕಾ, ಇನ್ನ ನಾವು ಆರ ಮಂದಿ. ಗಾಡಿ ಬರೂದ್ರಾಗ ಸಂಘ ಮುಳಗ್ತೈತೇನು?" ನಾನು ಅಂದೆ, "ಬಾಯಿ ಮುಚ್ಚು. ಬುಕ್ಕಿನ್ಯಾಗ ಆಕೀ ಸಹಿ ಇನ್ನೂ ಹತ್ತು ಹಾಳಿ ಐತಿ."

ಹೌದು, ಮೊದಲನೆಯ ಅಮಾವಾಸ್ಯೆಗೇ ಇಪ್ಪತ್ನಾಲ್ಕು ಖಾಲಿ ಹಾಳೆಗಳಿಗೆ ಏಳೂ ಜನ ಸಹಿ ಹಾಕಿಬಿಟ್ಟಿದ್ದೆವು. ಹೊಲಕ್ಕೆ ಹೋಗುವ ಹೆಂಗಸರನ್ನು ತಿಂಗಳಿಗೊಮ್ಮೆ ಎಲ್ಲಿ ಹುಡುಕುವುದು? ಆಮೇಲೆ ಸಭೆಯಲ್ಲಿ ಮಾತಾಡಿದ್ದನ್ನು ಆನಂದಿ ಮೇಲಿನ ಜಾಗದಲ್ಲಿ ಬರೆಯುತ್ತಿದ್ದಳು. ಕೆಲವು ಸಭೆಗೆ ಎರಡೆರಡು ಹಿಡಿದು ಹದಿನಾಲ್ಕು ಹಾಳೆ ಹಾಗೆ ಬರೆದಳು, ಸುಳ್ಳು ಒಂದಕ್ಷರ ಬರೆಯಲಿಲ್ಲ. ಹದಿನೈದನೆಯದನ್ನು ನಾನು ಬರೆದೆ. ಸತ್ತವಳ ಸಹಿಯ ಮೇಲೆ ಗಾಡಿ ತಂದೆ. ಹದಿನಾರನೆಯದನ್ನು ಅವನು ಬರೆದ. ಹಾಳೆಗೆ ಅಂಕಿ ಇದ್ದದ್ದರಿಂದ, ಹದಿನೈದರ ಮಾರ್ಚ್ ತಾರೀಖಿಗಿಂತ ಹಿಂದಿನ, ಆನಂದಿ ಬದುಕಿದ್ದ ದಿನದ ತಾರೀಖು ಹಾಕಲು ಅವನಿಗೆ ಆಗಲಿಲ್ಲ. ಆನಂದಿ ಮೇ ತಿಂಗಳಲ್ಲಿ ಸಹಿ ಮಾಡಿದ್ದಾಳೆ ಎಂದರೆ ಅದು ಸುಳ್ಳೆಂದು ಊರಿಗೇ ಗೊತ್ತು. ಆದರೆ ಹದಿನಾರು ಸುಳ್ಳು ಎಂದರೆ ಹದಿನೈದೂ ಸುಳ್ಳು. ಅವನದನ್ನು ಕಡಿಯಲು ಹೋದರೆ ನಮ್ಮ ಕೈಯೂ ಕೊಯ್ಯುತ್ತದೆ.

ನನಗೆ ಈ ಖಾಲಿ ಹಾಳೆಯ ಉಪಾಯ ಎಲ್ಲಿಂದ ಬಂತು ಗೊತ್ತೇನು? ನನ್ನ ತವರು ಕಾಖಂಡಕಿ. ನಮ್ಮಪ್ಪ ಬಸಗೊಂಡಪ್ಪ ಅಲ್ಲಿಯ ವಾಚನಾಲಯ ಸಂಘದ ಅಧ್ಯಕ್ಷ. ಆ ಸಂಘದ ಹಳೆಯ ಠರಾವು ಪುಸ್ತಕದ ಉಳಿದ ಖಾಲಿ ಹಾಳೆಗಳಿಗೆಲ್ಲ ಸಹಿ ಮಾಡಿಟ್ಟದ್ದನ್ನು ನೋಡಿ, ಪುಸ್ತಕ ಇಡುವುದು ಹೀಗೆಯೇ ಎಂದು ತಿಳಿದೆ. ನಿಮ್ಮ ವಿಳಾಸ ಸಿಕ್ಕದ್ದೂ ಅದರಲ್ಲೇ. ಮೊನ್ನೆ ಮತ್ತೆ ತೆಗೆದು ನೋಡಿದೆ. ರಟ್ಟಿನ ಒಳಗೆ ಅಪ್ಪನ ಕೈಬರಹ ಇದೆ: "ವಕೀಲ ಗಲಗಲಿ ಇವರ ಸೂಚನೆ. ಅನುಕೂಲಕ್ಕಾಗಿ ಮುಂಚಿತ ಸಹಿ ಪಡೆದು ಇಡುವುದು. 1986."

ಆ ವಾಚನಾಲಯ ಒಂದು ದಿನ ಯಾರದೋ ಗೊಬ್ಬರದ ಗೋದಾಮು ಆಗಿತ್ತು. ನಾನಾಗ ಸಣ್ಣಾಕಿ. ಅಪ್ಪ ಯಾಕೆ ಅಂತ ಸಾಯುವ ತನಕ ಹೇಳಲಿಲ್ಲ. ಈಗ ತಿಳೀತ್ರಿ ವಕೀಲ್ರ. ಅಪ್ಪನ ಸಹಿ ಇದ್ದ ಖಾಲಿ ಹಾಳಿ ಮ್ಯಾಲೂ ಯಾರೋ ಹಿಂಗ ಬರಕೊಂಡಿದ್ರು. ಓದ್ಲಾರದ ಸಹಿ ಮಾಡಬ್ಯಾಡ್ರಿ ಅಂತ ನನಗ ಬುದ್ಧಿ ಹೇಳ್ತೀರಲ್ಲ, ನಮ್ಮಪ್ಪಗ ಏನ್ ಹೇಳಿದ್ರಿ ನೀವು?

ನೀಲಾಬಾಯಿ


ಜೋರಾಪುರ ಪೇಟೆ
27 ಜುಲೈ 2024

ನೀಲಾಬಾಯಿಯವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆನಂದೀಬಾಯಿಯವರನ್ನು ನಾನು ಕಂಡಿರಲಿಲ್ಲ. ಆದರೂ ದುಃಖವಾಗಿದೆ.

ಆ ಸೂಚನೆ ನನ್ನದೇ. ನಿಮ್ಮ ತಂದೆಗೊಬ್ಬರಿಗೇ ಅಲ್ಲ, ಎಷ್ಟೋ ಸಂಘಗಳಿಗೆ ಹಾಗೆ ಹೇಳಿದ್ದೇನೆ. ಹಳ್ಳಿಯವರು ಪದೇಪದೇ ಪೇಟೆಗೆ ಬರುವುದು ತಪ್ಪಲಿ ಎಂದು ಹೇಳುತ್ತಿದ್ದೆ, ನನ್ನ ಗುಮಾಸ್ತನ ಕೆಲಸವೂ ಹಗುರಾಗುತ್ತಿತ್ತು. ಬರಹ ಇರುವೆ ಸಾಲಾಗುವುದು ನನಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ. ನಾನೇ ಹಾಗೆ ಬರೆಸಿದ್ದರಿಂದ.

ನೀವು ಕೇಳದ ಇನ್ನೊಂದನ್ನು ಹೇಳಬೇಕು. ವಾಚನಾಲಯ ಕೈತಪ್ಪಿದಾಗ ನಿಮ್ಮ ತಂದೆ ನನ್ನ ಬಳಿ ಬಂದಿದ್ದರು. ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಹಾಳೆ ನೋಡಿ, "ಸಹಿ ನಿಮ್ಮದೇ ಅಲ್ಲವೇ?" ಎಂದು ಕೇಳಿ ಕಳಿಸಿಬಿಟ್ಟೆ. ಅವರು ಪೇಟ ಸುತ್ತಿಕೊಂಡು ಹೋದರು. ಹತ್ತು ದಿನದ ಹಿಂದೆ ನಿಮಗೂ ಅದೇ ಮಾತು ಬರೆದಿದ್ದೇನೆ. ನನಗೆ ನಾಚಿಕೆಯಾಗಿದೆ.

ಇನ್ನು ಕಾನೂನು. ಸಂಘ ಹುಟ್ಟಿಸಲು ಏಳು ಜನ ಬೇಕು ಎಂದು ನಾನು ಹೇಳಿದ್ದು. ಹುಟ್ಟಿದ ಮೇಲೆ ಒಬ್ಬರು ತೀರಿಕೊಂಡರೆ ಸಂಘ ಅಂದೇ ಸಾಯುವುದಿಲ್ಲ. ಮರಣವನ್ನು ಪುಸ್ತಕದಲ್ಲಿ ದಾಖಲಿಸಿ, ಆದಷ್ಟು ಬೇಗ ಹೊಸಬರನ್ನು ಸೇರಿಸಿಕೊಂಡರೆ ಆಯಿತು. ಒಂದು ಸಾಲು ಹೆಚ್ಚು ಬರೆದಿದ್ದರೆ ನೀವು ಇಷ್ಟೆಲ್ಲ ಮಾಡುತ್ತಿರಲಿಲ್ಲ. ಗತ್ತಿನಲ್ಲಿ ಬರೆದೆ, ಬಿಡಿಸಿ ಬರೆಯಲಿಲ್ಲ.

ದಾರಿ ಒಂದೇ. ಇಪ್ಪತ್ತೊಂದು ದಿನದ ನೋಟಿಸು ಕೊಟ್ಟು ವಿಶೇಷ ಸಭೆ ಕರೆಯಿರಿ. ನಡೆದದ್ದನ್ನೆಲ್ಲ ಒಪ್ಪಿಕೊಳ್ಳಿ. ಹದಿನೈದು, ಹದಿನಾರು ಮತ್ತು ಸಹಿ ಮಾಡಿದ ಖಾಲಿ ಹಾಳೆಗಳನ್ನೆಲ್ಲ ಗೀಟು ಹೊಡೆದು ರದ್ದು ಮಾಡಿ. ಹರಿಯಬೇಡಿ. ಗಾಡಿಯನ್ನು ಹೊಸದಾಗಿ ಕೊಡುವಂತೆ ಸಂಗನಬಸವ ಅವರನ್ನು ಕೇಳಿ, ಹೊಸ ಠರಾವು ಮಾಡಿ. ರಿಜಿಸ್ಟ್ರಾರರಿಗೂ ತಿಳಿಸಿ.

ಅಪಾಯ ಮುಚ್ಚಿಡುವುದಿಲ್ಲ. ಸಂಗನಬಸವ ಅವರು ಗಾಡಿ ವಾಪಸ್ ಒಯ್ಯಬಹುದು. ಅರುಣಕುಮಾರ ನಿಮ್ಮ ಮೇಲೆಯೇ ಸುಳ್ಳು ದಾಖಲೆಯ ದೂರು ಕೊಡಬಹುದು. ಸುಮ್ಮನಿದ್ದರೆ ನಿಮಗೆ ಏನೂ ಆಗುವುದಿಲ್ಲ, ಹುಡುಗಿಯರಿಗೆ ಮಾತ್ರ ಆಗುತ್ತದೆ. ನಿರ್ಧಾರ ನಿಮ್ಮದು.

ಮಧ್ವೇಶ


ಬಿಜ್ಜರಗಿ
12 ಆಗಸ್ಟ್ 2024

ವಕೀಲರಿಗೆ ಶರಣು.

ನೋಟಿಸು ಕೊಟ್ಟಿದ್ದೇನೆ. ಸೆಪ್ಟೆಂಬರ್ ಎರಡು, ಅಮಾವಾಸ್ಯೆ, ಶಾಲೆಯ ಅಂಗಳದಲ್ಲಿ. ಮನೆಮನೆಗೆ ಹೋಗಿ ಓದಿ ಹೇಳಿ, ಮುಟ್ಟಿದ್ದಕ್ಕೆ ಸಹಿ ಪಡೆದೆ. ಈ ಸಲ ಬರೆದ ಮೇಲೆ.

ಅರುಣಕುಮಾರ ನನ್ನ ಅಂಗಡಿಗೆ ಬಂದಿದ್ದ. "ನಿನ್ನ ಬಾಯಿಂದ ನೀನ ಕಳ್ಳಿ ಅಂತ ಹೇಳ್ಕೊಳ್ಳಾಕ ಹೊಂಟೀಯೇನು? ಆರೂ ಮಂದಿನ್ನ ಒಳಗ ಹಾಕಸ್ತೀನಿ" ಎಂದ. ನಾನು ಮಿಷನ್ ನಿಲ್ಲಿಸದೆ, "ಉಪ್ಪು ತಿಂದೀವಿ, ನೀರು ಕುಡೀತೀವಿ. ನೀ ಎಷ್ಟ್ ತಿಂದೀ ಅದನ್ ನೋಡ್ಕೋ" ಎಂದೆ. ಅವನು ಹೋದ ಮೇಲೆ ನೋಡಿದರೆ ಹೊಲಿಗೆ ಡೊಂಕಾಗಿತ್ತು, ಬಿಚ್ಚಿ ಮತ್ತೆ ಹೊಲಿದೆ. ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ.

ಒಂದು ಒಳ್ಳೆಯ ಸುದ್ದಿ. ಐಶ್ವರ್ಯ ಅಪ್ಪನ ಬೈಕು ಹತ್ತುವುದನ್ನು ಬಿಟ್ಟಿದ್ದಾಳೆ. "ಎಲ್ಲಾರೂ ಹೋದ್ರ ನಾನೂ ಹೋಗ್ತೀನಿ" ಅಂದಳಂತೆ.

ನೀವು ಬರಬೇಕು. ಕಿವಿ ಕೇಳಿಸುವುದಿಲ್ಲ ಎಂಬ ನೆಪ ಬೇಡ. ಕೇಳಾಕ ಬರಬ್ಯಾಡ್ರಿ, ಹೇಳಾಕ ಬರ್ರಿ.

ನೀಲಾಬಾಯಿ


ಬಿಜ್ಜರಗಿ
4 ಸೆಪ್ಟೆಂಬರ್ 2024

ವಕೀಲರಿಗೆ ಶರಣು ಶರಣಾರ್ಥಿ.

ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಹೋದಿರಿ, ಮೈಕೈ ನೋವು ಹೇಗಿದೆ? ಸಭೆಯಲ್ಲಿ ನಿಮಗೆ ಏನೂ ಕೇಳಿಸಲಿಲ್ಲವೆಂದು ನೀವು ಎಲ್ಲದಕ್ಕೂ ತಲೆ ಆಡಿಸಿದ್ದರಿಂದಲೇ ಗೊತ್ತಾಯಿತು. ಅರುಣಕುಮಾರ ಬೈಯುವಾಗಲೂ ಆಡಿಸಿದಿರಿ. ಅದಕ್ಕಾಗಿ ಇಪ್ಪತ್ತೈದನೆಯ ಹಾಳೆಯಲ್ಲಿ ಬರೆದದ್ದನ್ನು ಇಲ್ಲಿ ನಕಲು ಮಾಡಿ ಕಳಿಸುತ್ತಿದ್ದೇನೆ. ಅಕ್ಷರ ನನ್ನದೇ, ಕಾಗುಣಿತ ತಪ್ಪಿದ್ದರೆ ತಿದ್ದುವವಳು ಈಗಿಲ್ಲ.

"ಹಾಜರು: ನೀಲಾಬಾಯಿ, ವಿಜಯಲಕ್ಷ್ಮೀ, ಚಾಂದಬಿ ಮತ್ತು ಓಣಿಯ ಮೂವರು, ಒಟ್ಟು ಆರು. ಆನಂದೀಬಾಯಿ ಹಾಜರಿಲ್ಲ. ಅವರು ಫೆಬ್ರವರಿ 20ರಂದು ತೀರಿಕೊಂಡಿದ್ದಾರೆ. ಈ ಪುಸ್ತಕದಲ್ಲಿ ಇದನ್ನು ಬರೆಯುವುದು ಇದೇ ಮೊದಲು. ಎಲ್ಲರೂ ಎರಡು ನಿಮಿಷ ಎದ್ದು ನಿಂತೆವು. ಫೆಬ್ರವರಿಯಲ್ಲೇ ನಿಲ್ಲಬೇಕಿತ್ತು.

ಖಾಲಿ ಹಾಳೆಗಳಿಗೆ ಸಹಿ ಮಾಡಿದ್ದು ನಿಜವೆಂದು ಆರೂ ಜನ ಒಪ್ಪಿಕೊಂಡೆವು. ಸತ್ತವರ ಸಹಿಯ ಮೇಲೆ ಹದಿನೈದನೆಯ ಹಾಳೆ ಬರೆದದ್ದು ಅಧ್ಯಕ್ಷೆ. ಹದಿನಾರನೆಯದನ್ನು ಅರುಣಕುಮಾರ ಬರೆದರೆಂದು ಕಾರ್ಯದರ್ಶಿ ವಿಜಯಲಕ್ಷ್ಮೀ ತಾವೇ ಹೇಳಿದರು. 'ಕಪಾಟಿನ ಕೀಲಿ ಕೊಟ್ಟಾಕಿ ನಾನ. ಅದನ್ನೂ ಬರೀರಿ' ಎಂದರು. ಬರೆದಿದೆ. ಗಾಡಿಯ ಕೀಲಿಯನ್ನು ಸೆರಗಿನಿಂದ ಬಿಚ್ಚಿ ಪುಸ್ತಕದ ಮೇಲೆ ಇಟ್ಟರು. ಅರುಣಕುಮಾರ ಸಭೆಯಿಂದ ಎದ್ದು ಹೋದರು.

ಹಾಳೆ ಹದಿನೈದರಿಂದ ಇಪ್ಪತ್ನಾಲ್ಕರವರೆಗೆ ಗೀಟು ಹೊಡೆದು ರದ್ದು ಮಾಡಿದೆ.

ವಕೀಲ ಗಲಗಲಿಯವರು, ಮುಂಚಿತ ಸಹಿಯ ಪದ್ಧತಿಯನ್ನು ಕಾಖಂಡಕಿಯ ಬಸಗೊಂಡಪ್ಪ ಅವರಿಗೆ ಕಲಿಸಿದವನು ತಾನೇ, ಅದು ತಪ್ಪು, ಬಸಗೊಂಡಪ್ಪ ಅವರದು ತಪ್ಪಲ್ಲ ಎಂದು ಸಭೆಯ ಮುಂದೆ ನಿಂತು ಹೇಳಿದರು. ದಾಖಲಿಸಿರಿ ಎಂದರು. ದಾಖಲಿಸಿದೆ.

ಸಂಗನಬಸವ ಅವರು, 'ಸತ್ತಾಕೀ ಕೈಲೆ ನನ್ನ ಗಾಡಿ ಇಸ್ಕೊಂಡ್ರೇನು? ಈಗ ಬದುಕಿದವ್ರು ಕೇಳ್ರಿ, ಕೊಡ್ತೀನಿ' ಎಂದರು. ಕೇಳಿದೆವು. ಕೀಲಿ ಮತ್ತು ಪುಸ್ತಕ ಯಾರ ಮನೆಯಲ್ಲೂ ಇರಬಾರದು, ಶಾಲೆಯ ಕಪಾಟಿನಲ್ಲಿರಬೇಕು ಎಂಬ ಷರತ್ತಿನ ಮೇಲೆ ಹೊಸ ಪತ್ರ ಬರೆದುಕೊಟ್ಟರು.

ವಿಜಯಲಕ್ಷ್ಮೀ ಅವರನ್ನು ಕಾರ್ಯದರ್ಶಿ ಸ್ಥಾನದಲ್ಲಿ ಮುಂದುವರಿಸುವ ವಿಷಯ. ಅವರು ಕೈ ಎತ್ತಲಿಲ್ಲ. ಪರವಾಗಿ ನಾಲ್ಕು, ವಿರುದ್ಧ ಒಂದು. ವಿರುದ್ಧ ಇದ್ದವರು ಅಧ್ಯಕ್ಷೆ ನೀಲಾಬಾಯಿ. ಠರಾವು ಪಾಸಾಗಿದೆ.

ಏಳನೆಯ ಸದಸ್ಯರಾಗಿ ಐಶ್ವರ್ಯಳನ್ನು ತೆಗೆದುಕೊಳ್ಳೋಣ, ಅವಳಿಗೆ ಡಿಸೆಂಬರಿಗೆ ಹದಿನೆಂಟು ತುಂಬುತ್ತದೆ ಎಂದು ಓಣಿಯವರು ಅಂದರು. ಒಂದೇ ಮನೆಯ ಇಬ್ಬರು ಬೇಡ ಎಂದು ವಕೀಲರ ಹಳೆಯ ಪತ್ರ ಓದಿ ಕೈಬಿಡಲಾಯಿತು. ಆಗ ಚಾಂದಬಿ ಎದ್ದು, ಹೊಸಬರನ್ನು ಎಳ್ಳ ಅಮಾವಾಸ್ಯೆಗೆ ತೆಗೆದುಕೊಳ್ಳೋಣ, ಅಲ್ಲಿಯವರೆಗೆ ಆನಂದಿ ಅಕ್ಕನ ಜಾಗ ಖಾಲಿ ಇರಲಿ, ಅದರ ಮೇಲೆ ಯಾರೂ ಏನೂ ಬರೆಯುವುದು ಬೇಡ ಎಂದರು.

ಎಲ್ಲರೂ ಒಪ್ಪಿದರು. ಈ ಸಲ ಖರೇನೇ ಎಲ್ಲರೂ ಒಪ್ಪಿದರು."